ಪುತ್ತೂರಿಗೆ ಹೊತ್ತೊಯ್ದ ಸ್ಟೆಬಿಲೈಜರ್

ನನ್ನ ಮಗಳು ಬೆಳ್ಳಾರೆಯ ಮನೆಯಲ್ಲೇ ಕುಳಿತು ಮದುವೆಯ ವೀಡಿಯೊಗಳನ್ನು ಎಡಿಟ್ ಮಾಡಿಕೊಡುತ್ತಾಳೆ. ಅವಳ ಕಂಪ್ಯೂಟರು ಪದೇ ಪದೇ ನಿಂತುಹೋಗುತ್ತಿದ್ದುದರಿಂದ ಗ್ರಾಫಿಕ್ಸ್ ಕಾರ್ಡ್ ತರಲು ನಾನು ಪುತ್ತೂರಿಗೆ ಹೊರಟೆ. ಪವರ್ ಸಪ್ಲೈ ಅದನ್ನು ತಾಳುತ್ತದೆಯೋ ಎಂದು ಮೊದಲು ವಿಚಾರಿಸಬೇಕೆಂದು ಅವಳು ಹೇಳಿದ್ದಳು. ನಮ್ಮ ಕಡೆ ಕರೆಂಟನ್ನು ತಾಳುವುದು ಸ್ಟೆಬಿಲೈಜರ್ ಎಂದೇ ತಿಳಿದಿದ್ದ ನಾನು, ಯಾರನ್ನೂ ಕೇಳದೆ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

ಕಂಪ್ಯೂಟರ್ ಅಂಗಡಿಯವರು ಅದನ್ನು ನೋಡಿ ನಗಲಿಲ್ಲ.

"ಇದು ಫ್ರಿಜ್ಜಿನದ್ದಲ್ವಾ ಅಕ್ಕ? ಪವರ್ ಸಪ್ಲೈ ಕಂಪ್ಯೂಟರಿನ ಒಳಗೇ ಉಂಟು. ಮಗಳಿಗೆ ಫೋನ್ ಮಾಡಿ, ಮುಚ್ಚಳ ತೆಗೆದು ಅದರ ಚೀಟಿ ಓದ್ಲಿಕ್ಕೆ ಹೇಳಿ."

"ಮುನ್ನೂರು ವ್ಯಾಟ್ ಅಂತ ಉಂಟಮ್ಮ," ಎಂದಳು ಮಗಳು. ಅಂಗಡಿಯವರು ತೆಗೆದಿಟ್ಟ ಕಾರ್ಡಿನ ಪೆಟ್ಟಿಗೆಯ ಮೇಲೆ ಐನೂರೈವತ್ತು ಬೇಕೆಂದು ಬರೆದಿತ್ತು.

"ಇದನ್ನು ಹಾಕಿದ್ರೆ ಇದ್ದ ಕಂಪ್ಯೂಟರೂ ಹೋದೀತು. ಮೊದಲು ಪವರ್ ಸಪ್ಲೈ ಬದಲಿಸಿ, ಕಾರ್ಡ್ ಆಮೇಲೆ ನೋಡುವ," ಎಂದು ಅವರು ಅದನ್ನು ಕಪಾಟಿನಲ್ಲಿ ಮರಳಿ ಇಟ್ಟರು.

ಏನೂ ತಿಳಿಯದ ನನಗೆ ಅದನ್ನು ಮಾರಿಬಿಡುವುದು ಅವರಿಗೆ ಸುಲಭವಿತ್ತು. ನಮ್ಮ ಮನೆ ನಡೆಯುವುದೇ ಆ ಒಂದು ಕಂಪ್ಯೂಟರಿನಿಂದ. ಸಂಕೋಚದಿಂದ ಅಂದು ಹೇಳಲಾಗದ ಕೃತಜ್ಞತೆಯನ್ನು ಇಲ್ಲಿ ಬರೆದಿದ್ದೇನೆ.

ಹೀಗೆ ಕಂಪ್ಯೂಟರು ಉಳಿಯಿತು. ದಿನವಿಡೀ ಆಫ್ ಆಗಿದ್ದ ಫ್ರಿಜ್ಜಿನೊಳಗಿನ ಬಂಗುಡೆ ಮೀನು ಮಾತ್ರ ಉಳಿಯಲಿಲ್ಲ.