ಮೂಸಿ ನೋಡದೆ ತರಿಸಿದ ಸೆಂಟು

ಮೂಗಿನಿಂದ ಎರಡು ಸಲ ಚುಟುಕಾಗಿ ಗಾಳಿ ಎಳೆದುಕೊಳ್ಳುವ ಸದ್ದು. ಹಾಲಿಗೆ ಬಾಯಿ ಹಾಕುವ ಮೊದಲು ಬೆಕ್ಕು ಬಟ್ಟಲಿನ ಮೇಲೆ ಮೂಗಿಟ್ಟು ಮಾಡುತ್ತದಲ್ಲ, ಹಾಗೆ. ಮಳವಳ್ಳಿಯ ಆ ಮನೆಯ ಮೆಟ್ಟಿಲ ಬಳಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ನಡುಮನೆಯ ಮಂಚದಿಂದ ಅದು ಕೇಳಿಸುತ್ತಿತ್ತು. ಆಮೇಲೆ ಒಂದು ಕ್ಷಣದ ಬಿಡುವು. ಆಮೇಲೆ ತೀರ್ಪು.

‘ಕಾನ್ವೆಂಟು ಬಂತು. ಕಾಫಿಗಿಡಮ್ಮಿ.’

ಕಾನ್ವೆಂಟು ಅಂದರೆ ನಾನು. ತೀರ್ಪು ಕೊಟ್ಟವರು ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನನ್ನ ಬಾಯಲ್ಲಿ ಅವರು ಯಾವತ್ತೂ ಅಕ್ಕ. ಕಾಫಿಗಿಡಬೇಕಾದವಳು ಅವರ ಸೊಸೆ. ಅಣ್ಣತಮ್ಮಂದಿರಿಬ್ಬರೂ ತೀರಿಹೋಗಿ ವರ್ಷಗಳಾದ ಮೇಲೂ ನಾನು ಮಂಡ್ಯದಿಂದ ಬಸ್ಸು ಹತ್ತಿ ಅಕ್ಕನನ್ನು ನೋಡಲು ಹೋಗುತ್ತಲೇ ಇದ್ದೆ.

ಅಕ್ಕನ ಕಣ್ಣು ಗ್ಲಾಕೋಮಾದಲ್ಲಿ ಹೋಯಿತು. ಆಮೇಲೆ ನೆನಪು ಒಂದೊಂದೇ ದೀಪ ಆರಿಸಿಕೊಂಡು ಹೋದ ಹಾಗೆ ಹೋಗತೊಡಗಿತು. ಮಾತು ಕೇಳಿಸುತ್ತಿತ್ತು, ಯಾರ ದನಿ ಎಂದು ತಿಳಿಯುತ್ತಿರಲಿಲ್ಲ. ಉಳಿದದ್ದು ಮೂಗು. ಸೊಸೆಯನ್ನು ಒಗ್ಗರಣೆಯ ವಾಸನೆಯಿಂದ, ಹಾಲಿನವಳನ್ನು ಕೊಟ್ಟಿಗೆಯ ವಾಸನೆಯಿಂದ, ನನ್ನನ್ನು ನನ್ನ ಸೆಂಟಿನಿಂದ ಗುರುತು ಹಿಡಿಯುತ್ತಿದ್ದರು. ಮಂಡ್ಯದ ಡಾಕ್ಟರಿಗೆ ಹೇಳಿದಾಗ ಅವರು ‘ವೆರಿ ಇಂಟರೆಸ್ಟಿಂಗ್’ ಎಂದು ಕನ್ನಡಕ ಒರೆಸಿಕೊಂಡರು. ನನಗೆ ಅದು ಇಂಟರೆಸ್ಟಿಂಗ್ ಆಗಿರಲಿಲ್ಲ. ನನ್ನನ್ನು ನಾನು ಅಂತ ಗುರುತಿಸುವ ನನ್ನ ಕಾಲದ ಮನುಷ್ಯರು ಇನ್ನೆಷ್ಟು ಮಂದಿ ಉಳಿದಿದ್ದರು?

ಆ ಸೆಂಟಿನ ಮೇಲೆ ಅಕ್ಕನಿಗೆ ಪ್ರೀತಿ ಇತ್ತೆಂದು ಯಾರೂ ಹೇಳುವ ಹಾಗಿರಲಿಲ್ಲ. ನಾನು ಮದುವೆಯಾಗಿ ಬಂದ ದಿನವೇ ಮೂಗಿಗೆ ಸೆರಗು ಒತ್ತಿಕೊಂಡು, ‘ಏನಮ್ಮಿ ಇದು, ಊವಿನ ಗಾಡಿ ಮಗಚ್ಕಂಡಂಗೆ ನಾತ!’ ಎಂದಿದ್ದರು. ನಾನು ಕೊಟ್ಟಿಗೆಯ ಕಡೆ ಹೋದರೆ, ‘ಅತ್ಲಾಗೋಗು ಕಣಮ್ಮಿ, ನಿನ್ ಸೆಂಟಿಗೆ ಎದ್ರಿ ಅಸು ಆಲು ಸೊರೆ ಬುಡಾಕಿಲ್ಲ’ ಎನ್ನುತ್ತಿದ್ದರು. ನಾನೂ ಬಿಡದೆ, ಕಾನ್ವೆಂಟಿನ ಮೂತಿ ಮಾಡಿಕೊಂಡು, ‘ಇಟ್ ಈಸ್ ಲಿಲಿ ಆಫ್ ದಿ ವ್ಯಾಲಿ, ಅಕ್ಕ’ ಎನ್ನುತ್ತಿದ್ದೆ. ‘ಯಾವ ವ್ಯಾಲೀನೋ, ಕಾಣೆ ತಾಯಿ’ ಎಂದು ಅವರು ಮತ್ತೆ ಸೆರಗು ಒತ್ತಿಕೊಳ್ಳುತ್ತಿದ್ದರು.

ಬಾಟಲಿಯ ಮೇಲೆ ಹಾಗೇ ಬರೆದಿತ್ತು. ಬಾಗಿದ ಪುಟ್ಟ ಗಂಟೆಗಳಂಥ ಬಿಳಿ ಹೂಗಳ ಚಿತ್ರ, ಕೆಳಗೆ ಓರೆ ಅಕ್ಷರದಲ್ಲಿ ಆ ಹೆಸರು. ಆ ಹೂವನ್ನು ನಾನು ಈವತ್ತಿನವರೆಗೆ ನೋಡಿಲ್ಲ. ಕಾನ್ವೆಂಟಿನಲ್ಲಿ ನಮಗೆ ಹೂಗಳೆಲ್ಲ ಹಾಗೆಯೇ ಬಂದವು. ಪ್ರಿಮ್ರೋಸ್, ವಯೊಲೆಟ್, ಡ್ಯಾಫೊಡಿಲ್. ಸಿಸ್ಟರ್ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು, ನಾವು ಕಣ್ಣು ಮುಚ್ಚಿಕೊಂಡು ಹೆಸರನ್ನೇ ಮೂಸುತ್ತಿದ್ದೆವು. ವಯೊಲೆಟ್ಟಿಗೆ ನಾನು ಕೊಟ್ಟ ವಾಸನೆ ಹೊಸ ಪುಸ್ತಕದ್ದು. ಲಿಲಿ ಆಫ್ ದಿ ವ್ಯಾಲಿಗೆ ಸಿಸ್ಟರ್ ಅವರ ಇಸ್ತ್ರಿ ಮಾಡಿದ ಬಿಳಿ ತೋಳಿನದು, ಚಾಪೆಲ್ಲಿನಲ್ಲಿ ಕರಗಿದ ಮೇಣದಬತ್ತಿಯದು. ಕಿಟಕಿಯಾಚೆ ಅರಳಿದ್ದ ಸಂಪಿಗೆ, ಪಾಪ, ಯಾವ ಪಾಠದಲ್ಲೂ ಇರಲಿಲ್ಲ.

ಸೆಂಟು ಸಿಗುತ್ತಿದ್ದದ್ದು ಮದ್ದೂರಿನ ಒಂದು ಫ್ಯಾನ್ಸಿ ಸ್ಟೋರಿನಲ್ಲಿ. ಸಾಬರ ಮನೆತನದ ಅಂಗಡಿ, ಮೊದಲು ಮಾವ ನಡೆಸುತ್ತಿದ್ದರು, ಈಗ ಸೊಸೆ. ಮಂಡ್ಯದಲ್ಲಿ ಸೆಂಟು ಕೊಳ್ಳಬಾರದು ಎಂಬುದು ನನ್ನ ಪ್ರೈವೇಟ್ ರೂಲ್. ಕಬ್ಬು ಅರೆಯುವ ಕಾಲದಲ್ಲಿ ಊರಿನ ಗಾಳಿಯೇ ಪಾಕ ಬಂದಿರುತ್ತದೆ, ಅಲ್ಲಿ ಏನನ್ನು ಮೂಸಿದರೂ ಬೆಲ್ಲದ ಜೊತೆ ಮೂಸಿದ ಹಾಗೆ. ಮದ್ದೂರಿನಲ್ಲಿ ಇಳಿದು, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಸಿಕೊಂಡು, ಬೀದಿಯ ತುದಿಯವರೆಗೆ ಹೋಗಿ ಬಂದು, ಮತ್ತೆ ಮೂಸಿ, ಆಮೇಲೆ ಪರ್ಸ್ ತೆಗೆಯುವುದು. ಅದೇ ಸೆಂಟನ್ನು ವರ್ಷಗಟ್ಟಲೆ ಕೊಂಡರೂ ಈ ಶಾಸ್ತ್ರ ಬಿಟ್ಟಿರಲಿಲ್ಲ. ಹಳೆಯ ಸ್ನೇಹಿತೆಯನ್ನು ಮತ್ತೆ ಮತ್ತೆ ಪರಿಚಯ ಮಾಡಿಕೊಳ್ಳುವ ಸುಖ ಅದು.

ಹೋದ ವರ್ಷ ಬಾಟಲಿ ತೀರಿತು. ಕೊನೆಯ ಹನಿಗೆ ನೀರು ಬೆರೆಸಿ ಅಲ್ಲಾಡಿಸಿ ಒಂದು ಸಲ ಮಳವಳ್ಳಿಗೆ ಹೋಗಿ ಬಂದಿದ್ದೂ ಆಯಿತು. ಮದ್ದೂರಿಗೆ ಹೋದರೆ ಅಂಗಡಿಯ ಹೆಂಗಸು ತಲೆಯಾಡಿಸಿದಳು.

‘ಅದು ಬರೋದು ನಿಂತೋಯ್ತು ಅಮ್ಮಾ. ಕಂಪನಿನೇ ಮಾಡ್ತಿಲ್ವಂತೆ.’

‘ಒಂದೂ ಇಲ್ವಾ? ಹಳೇದು, ಎಲ್ಲಾದರೂ ಹಿಂದೆ?’

‘ಇದ್ರೆ ನಿಮಗೆ ಕೊಡದೆ ನಾನೇನು ಬಿರಿಯಾನಿಗೆ ಹಾಕ್ಕೊಳ್ಲಾ? ಬೇರೆದು ನೋಡಿ, ಇದು ಚೆನ್ನಾಗೈತೆ.’

ಎಡಗೈ ತುಂಬ, ಬಲಗೈ ತುಂಬ ಹಾಕಿಸಿಕೊಂಡೆ. ಮೊಣಕೈಯವರೆಗೆ ಜಾಗ ಮುಗಿಯಿತು. ಒಂದೂ ಅದಾಗಿರಲಿಲ್ಲ.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಅದೇ ಹೆಸರಿನದು ಸಿಕ್ಕಿತು. ಬೇರೆ ಕಂಪನಿ, ಆದರೆ ಅದೇ ಬಾಗಿದ ಗಂಟೆಗಳ ಚಿತ್ರ. ಕೆಳಗೆ ಎಂಥ ಇಂಗ್ಲಿಷು! ‘ಡ್ಯೂ-ಫ್ರೆಶ್’ ಅಂತೆ, ‘ಎ ವಿಸ್ಪರ್ ಆಫ್ ವೈಟ್ ಮಸ್ಕ್’ ಅಂತೆ. ನಾನು ಓದುತ್ತಾ ಓದುತ್ತಾ ಮತ್ತೆ ಆ ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದೆ, ಕಣ್ಣು ಮುಚ್ಚಿಕೊಂಡಿದ್ದೆ. ಯಾರೋ ಒಬ್ಬಾಕೆ ರಿವ್ಯೂನಲ್ಲಿ ‘ರಿಮೈಂಡ್ಸ್ ಮಿ ಆಫ್ ಮೈ ಗ್ರ್ಯಾಂಡ್‌ಮದರ್’ ಎಂದು ಬರೆದಿದ್ದಳು. ಯಾವ ದೇಶದ ಗ್ರ್ಯಾಂಡ್‌ಮದರ್, ಏನು ಬಳಿದುಕೊಳ್ಳುತ್ತಿದ್ದಳು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಫೋನಿಗೆ ಮೂಗಿಟ್ಟರೆ ಗಾಜಿನ ವಾಸನೆಯೂ ಬರುವುದಿಲ್ಲ. ಬಟನ್ ಒತ್ತಿದೆ.

ಪಾರ್ಸೆಲ್ ಬಂದ ದಿನ ಮಂಡ್ಯದಲ್ಲಿ ಕಬ್ಬಿನ ಲಾರಿಗಳ ಸಾಲು. ಮುಚ್ಚಳ ತೆಗೆದು ಕರವಸ್ತ್ರದ ಮೇಲೆ ಒಂದು ಸಲ ಸ್ಪ್ರೇ ಮಾಡಿದೆ. ಮೊದಲ ಏಟಿಗೆ ಚುರ್ ಅಂತು. ಸೆಟಲ್ ಆಗಲಿ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ಬಂದ ಸಿಹಿ ಗಾಳಿಯಲ್ಲಿ ಅದು ಮೆತ್ತಗಾದ ಹಾಗೆ ಕಂಡಿತು. ಹೌದೋ ಅಲ್ಲವೋ? ಹೌದು ಎಂದೇ ಇಟ್ಟುಕೊಂಡೆ. ಬೇಕು ಅನ್ನಿಸಿದ ಮೇಲೆ ಮೂಗು ಕೂಡ ಮಾತು ಕೇಳುತ್ತದೆ.

ಸೀರೆಗೆ, ಕುತ್ತಿಗೆಗೆ, ಮಣಿಕಟ್ಟಿಗೆ ಹಾಕಿಕೊಂಡು ಹೊರಟೆ. ಬರುತ್ತೇನೆಂದು ಹಿಂದಿನ ದಿನವೇ ಸೊಸೆಗೆ ಫೋನ್ ಮಾಡಿ ಅಕ್ಕನಿಗೆ ಹೇಳಿಸಿದ್ದೆ. ಹನಕೆರೆ ದಾಟುವಾಗ ಗದ್ದೆಗಳ ಮೇಲೆ ಕಬ್ಬಿನ ಹೂವು, ಬೆಳ್ಳಿ ಬಣ್ಣದ ಸೂಲಂಗಿ, ತೂಗುತ್ತಿತ್ತು, ಎಲ್ಲೋ ಆಲೆಮನೆಯ ಹೊಗೆ ರಸ್ತೆಗೆ ಅಡ್ಡ ಬಂದು ಬಸ್ಸಿನೊಳಗೆ ತುಂಬಿಕೊಂಡಿತು. ಕುದಿಯುವ ಬೆಲ್ಲದ ಆ ಹೊಗೆಯಲ್ಲಿ ನನ್ನ ಮಣಿಕಟ್ಟು ಮೂಸಿದರೆ ಎಲ್ಲ ಸರಿಯಾಗಿತ್ತು. ನಾನು ಮತ್ತೆ ಇಪ್ಪತ್ತು ವರ್ಷದವಳಾಗಿದ್ದೆ. ಮದ್ದೂರಿನಲ್ಲಿ ಬಸ್ಸು ಬದಲಿಸಿ, ಕಿಟಕಿಗೆ ತಲೆ ಕೊಟ್ಟು, ಅಕ್ಕ ಈವತ್ತು ಏನು ಹಂಗಿಸಬಹುದು ಎಂದು ಲೆಕ್ಕ ಹಾಕುತ್ತಾ ಹೋದೆ.

ಮಳವಳ್ಳಿಯ ಆ ಮನೆಯಲ್ಲಿ ಗಾಳಿಯಾಡುತ್ತಿರಲಿಲ್ಲ. ಬೆಲ್ಲವೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಮೆಟ್ಟಿಲ ಬಳಿಯೇ ನನಗೇ ಗೊತ್ತಾಯಿತು, ಇದು ಅದಲ್ಲ.

ಒಳಗಿನಿಂದ ಮೂಗೆಳೆಯುವ ಸದ್ದು ಎರಡು ಸಲಕ್ಕೆ ನಿಲ್ಲಲಿಲ್ಲ. ಮೂರು, ನಾಲ್ಕು. ನಾನು ಒಳಗೆ ಹೋದಾಗ ಅಕ್ಕ ಕಾಲು ಮಡಚಿಕೊಂಡು ಗೋಡೆಗೆ ಒತ್ತಿ ಕೂತು ಎರಡು ತೋಳನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು.

‘ಬ್ಯಾಡ ಕಣವ್ವಾ, ಇವತ್ ಸೂಜಿ ಬ್ಯಾಡ. ನೆನ್ನೆ ತಾನೆ ಚುಚ್ಚಿವ್ರಿ.’

ಸ್ವಲ್ಪ ದಿನದ ಕೆಳಗೆ ಅವರು ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ಸೊಸೆ ಅಡುಗೆಮನೆಯಿಂದ ಓಡಿ ಬಂದಳು.

‘ಅಯ್ಯೋ ಚಿಕ್ಕತ್ತೆ, ಅದೇನಾಕ್ಕಂಡ್ ಬಂದ್ರಿ? ವಾರ್ಡ್ ಒರ್ಸಿದ್ ಬಟ್ಟೆ ಸುತ್ಕಂಡಂಗದೆ!’

ಅವಳು ನಕ್ಕಳು, ನಾನೂ ನಕ್ಕೆ. ಅಕ್ಕ ನಗಲಿಲ್ಲ. ನಾನು ಬಚ್ಚಲಿಗೆ ಹೋಗಿ ಗಂಧದ ಸೋಪು ಹಾಕಿ ಕೈ, ಕುತ್ತಿಗೆ ಉಜ್ಜಿ ತೊಳೆದೆ. ಸೀರೆಯಲ್ಲೂ ಸೇರಿಕೊಂಡಿತ್ತು, ಸೊಸೆಯ ಸೀರೆಯೊಂದನ್ನು ಉಟ್ಟುಕೊಂಡೆ. ನುಸಿಗುಳಿಗೆಯ ವಾಸನೆಯ ಸೀರೆ. ಆಮೇಲೆ ಹೋಗಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ.

ಅಕ್ಕ ಮೂಸಿದರು. ಮುಖ ಸಡಿಲವಾಯಿತು. ಸೆರಗು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು.

‘ಬನ್ನಿ, ಕುಂತ್ಕಳಿ. ಯಾರ ಮನೆಯೋರು ನೀವು?’

ಅಷ್ಟು ವರ್ಷದಲ್ಲಿ ಅಕ್ಕ ನನಗೆ ನೀವು ಅಂದದ್ದು ಅದೇ ಮೊದಲು. ಬೈಗುಳಕ್ಕಿಂತ ಅದು ಜೋರಾಗಿ ತಾಗಿತು.

‘ಅಕ್ಕ, ನಾನೇ. ಕಾನ್ವೆಂಟು.’

‘ಅವ್ಳ್ ಎಸರು ಏಳ್ಕಂಡು ನನ್ನ ಯಾಮಾರ್ಸ್ತೀರಾ?’ ಈಗ ನಕ್ಕರು. ‘ಅವ್ಳು ಬಂದ್ರೆ ಬೀದಿ ಬಾಗ್ಲಲ್ಲೇ ಗೊತ್ತಾಯ್ತದೆ. ಸೆಂಟು ಮುಂದೆ ಬತ್ತದೆ, ಇವ್ಳು ಇಂದೆ ಬತ್ತಳೆ.’

ಸೊಸೆ ಏನೋ ಹೇಳಲು ಬಾಯಿ ತೆರೆದಳು. ನಾನು ಬೇಡ ಎಂದು ಕೈ ಮಾಡಿದೆ. ಯಾಕೆ ಮಾಡಿದೆನೋ. ಕನಸಿನಲ್ಲಿ ಕೆಲವೊಮ್ಮೆ ನಮ್ಮ ಮನೆಗೆ ನಾವೇ ನೆಂಟರಾಗಿ ಹೋಗಿರುತ್ತೇವಲ್ಲ, ಹಾಗಿತ್ತು.

‘ಹೇಗೆ ಅವರು, ನಿಮ್ಮ ಓರಗಿತ್ತಿ?’ ಎಂದೆ.

‘ಏನೇಳನ? ಇವತ್ಗೂ ಮುದ್ದೆ ಕಟ್ಟಾಕ್ ಬರಾಕಿಲ್ಲ. ಎದ್ದೇಟ್ಗೆ ಇಂಗ್ಲೀಸ್ ಪೇಪರ್ ಬೇಕು. ಸೊಪ್ಪು ಸೋಸು ಅಂದ್ರೆ ಒಂದೊಂದೇ ಎಲೆಗೆ ಮುತ್ತು ಕೊಟ್ಟಂಗೆ ಸೋಸ್ತಳೆ.’ ನನ್ನ ಕಡೆ ಬಾಗಿ, ದನಿ ತಗ್ಗಿಸಿದರು. ‘ನಂಗೆ ಟೈಫಾಡು ಬಂದಿತ್ತು ಒಂದ್ಸಲ. ಯಾರೂ ಅತ್ರ ಬರ್ನಿಲ್ಲ. ಅವ್ಳು ಬಂದು ಪಕ್ಕದಲ್ಲೇ ಮನಿಕಳಳು. ಆ ಸೆಂಟು ದಿಂಬ್ಗೆಲ್ಲ ಅತ್ಕಂಡಿತ್ತು. ಅವ್ರು ಮನೆ ಮಾಡ್ಕಂಡು ಮಂಡ್ಯಕ್ಕೋದ್ರಲ್ಲ, ಆಮ್ಯಾಕೆ ಆ ದಿಂಬಿನ ಕವರ್ನ ನಾನು ಸುಮಾರ್ ದಿವ್ಸ ಒಗೀನೇ ಇಲ್ಲ.’

ನಾನು ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

‘ಇದ ಅವ್ಳ್ಗೇಳ್ಬ್ಯಾಡಿ ಮತ್ತೆ. ಏಳುದ್ರೆ ಕೊಬ್ಬು ಬತ್ತದೆ.’

‘ಹೇಳಲ್ಲ’ ಎಂದೆ.

‘ಇವತ್ ಬತ್ತೀನಿ ಅಂದವ್ಳೆ. ಕುಂತಿರಿ, ನೋಡ್ಕಂಡೇ ಓಗಿ.’

ಕೂತೆ. ಸೊಸೆ ಕಾಫಿ ತಂದಿಟ್ಟು, ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ನಡುಮನೆಗೆ ಬಂದು, ಚಾಪೆಯ ಮೇಲೆ ಸ್ವಲ್ಪ ಹೊತ್ತು ಇದ್ದು, ಎದ್ದು ಹೋಯಿತು. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಅಕ್ಕ ಮಾತು ನಿಲ್ಲಿಸುತ್ತಿದ್ದರು. ನಾನೂ ಕಿವಿಗೊಡುತ್ತಿದ್ದೆ. ನಾವಿಬ್ಬರೂ ಸೇರಿ ನನ್ನನ್ನು ಕಾಯುತ್ತಿದ್ದೆವು. ಒಂದು ಗಳಿಗೆ ನನಗೂ ಅನ್ನಿಸಿತು, ಬಂದರೂ ಬರಬಹುದು. ಹಸಿರು ಸೀರೆಯುಟ್ಟು, ಮೂಗು ಸ್ವಲ್ಪ ಮೇಲೆತ್ತಿಕೊಂಡು, ಏನೋ ಇಂಗ್ಲಿಷಿನಲ್ಲಿ ಗೊಣಗುತ್ತಾ.

ಬಸ್ಸಿನ ಹೊತ್ತಾಯಿತೆಂದು ಎದ್ದೆ.

‘ಒಂಟ್ರಾ? ಇನ್ನೊಸಿ ಕುಂತಿದ್ರೆ ಸಿಕ್ಕೋಳು’ ಎಂದರು ಅಕ್ಕ. ‘ಬಸ್‌ಸ್ಟ್ಯಾಂಡಲ್ಲಿ ಏನಾರ ಸಿಕ್ಕುದ್ರೆ, ಬಿರ್‌ಬಿರ್ನೆ ಬಾ ಅಂತ ಏಳಿ.’

‘ಹೇಳ್ತೀನಿ ಅಕ್ಕ.’

ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಮುಂದಿನ ಸಲಕ್ಕೆ ನಾನು ಹೊರಡುವ ಮೊದಲೇ ಸೊಸೆಯ ಫೋನು ಬಂತು, ಹಾಗಾಗಿ ಅಕ್ಕನನ್ನು ಕೊನೆಗೆ ನೋಡಿದ್ದು ಅದೇ. ಮಂಚದ ಒಂದು ಮೂಲೆಗೆ ಸರಿದು ಕೂತಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅಲ್ಲಿನ ಹೊದಿಕೆಯ ಸುಕ್ಕನ್ನು ಅಂಗೈಯಿಂದ ಮೆಲ್ಲಗೆ ಸರಿಮಾಡುತ್ತಿದ್ದರು.