ಹದಿನಾಲ್ಕು ವಾಕ್ಯ, ಒಂದು ದಿನದ ಬೂಟು

ನಾನು ಕಲಿಸಿದ ಪಾಠಗಳಲ್ಲೆಲ್ಲ ಅತ್ಯಂತ ನಾಚಿಕೆಗೇಡಿನದು ಹದಿನಾಲ್ಕು ವಾಕ್ಯಗಳದ್ದು. ಈ ಕೆಲಸ ನನ್ನನ್ನು ಸಂತೋಷವಾಗಿಡುತ್ತದೆ. ಕಂಪನಿ ನಮ್ಮನ್ನು ಸುರಕ್ಷಿತವಾಗಿಡುತ್ತದೆ. ನಾವು ಇದನ್ನು ಸ್ವಚ್ಛವಾಗಿಡುತ್ತೇವೆ. ಕನ್ನಡದಲ್ಲಿ ಹೀಗೆ ಯಾರೂ ಮಾತಾಡುವುದಿಲ್ಲ. ಇಂಗ್ಲಿಷಿನಲ್ಲಿ ಆಡುತ್ತಾರೆ: ಮೇಕ್ಸ್ ಮಿ ಹ್ಯಾಪಿ, ಕೀಪ್ಸ್ ಅಸ್ ಸೇಫ್, ಕೀಪ್ ಇಟ್ ಕ್ಲೀನ್. ಇವನ್ನು ನಾನು ಕಸ ಗುಡಿಸುವ ಹನ್ನೊಂದು ಹೆಂಗಸರಿಗೆ ಬಾಯಿಪಾಠ ಮಾಡಿಸಿದೆ. ಆ ಹನ್ನೊಂದು ಮಂದಿಯಲ್ಲಿ ಒಬ್ಬಳು ನನ್ನ ಸ್ವಂತ ಅಕ್ಕ.

ಆಗ ನಾನು ಹೊಸಪೇಟೆ ಬಸ್ ನಿಲ್ದಾಣದ ಹಿಂದೆ, ಮೊಬೈಲ್ ಅಂಗಡಿಯ ಮೇಲಿದ್ದ ಒಂದು ಸ್ಪೋಕನ್ ಇಂಗ್ಲಿಷ್ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಅದರ ಮಾಲೀಕರು ತಮ್ಮನ್ನು ಡೈರೆಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲೂ ಟೈ ಕಟ್ಟುತ್ತಿದ್ದರು. ಅವರು ಬಿ.ಎ. ಪಾಸಾಗಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಪಾಸಾಗಿದ್ದೆ. ಅವರ ಗೋಡೆಯ ಮೇಲೆ ಒಂದು ದೊಡ್ಡ ಚಾರ್ಟು. ಅದರಲ್ಲಿ ಮೂರು ಡಬ್ಬಿ. ಮೊದಲನೆಯದರಲ್ಲಿ ಮೇಕ್, ಕೀಪ್, ಗೆಟ್. ಎರಡನೆಯದರಲ್ಲಿ ಮಿ, ಹಿಮ್, ಅಸ್, ದೆಮ್. ಮೂರನೆಯದರಲ್ಲಿ ಹ್ಯಾಪಿ, ಸೇಫ್, ಕ್ಲೀನ್, ಆ್ಯಂಗ್ರಿ. ಒಂದೊಂದು ಡಬ್ಬಿಯಿಂದ ಒಂದೊಂದು ಶಬ್ದ ಎತ್ತಿದರೆ ವಾಕ್ಯ ತಯಾರು, ಖಾನಾವಳಿಯಲ್ಲಿ ರೊಟ್ಟಿ, ಪಲ್ಯ, ಅನ್ನ ಎತ್ತಿಕೊಂಡಂತೆ. ಇಡೀ ಇಂಗ್ಲಿಷ್ ಭಾಷೆ ಈ ಮೂರು ಡಬ್ಬಿಯಲ್ಲಿದೆ ಎಂದು ಅವರು ನಂಬಿದ್ದರು. ಅವರದಂತೂ ಅಷ್ಟರಲ್ಲೇ ಇತ್ತು.

ನನ್ನ ಇಂಗ್ಲಿಷ್ ಡಬ್ಬಿಯಿಂದ ಬಂದದ್ದಲ್ಲ. ನಾನು ಕಂಪ್ಲಿ ಹತ್ತಿರದ ಮೆಟ್ರಿ ಎಂಬ ಹಳ್ಳಿಯವನು. ಅಪ್ಪ ಅವ್ವ ಕಾಲುವೆ ಕೆಳಗಿನ ಗದ್ದೆಗಳಲ್ಲಿ, ಕಂಡವರ ಗದ್ದೆಗಳಲ್ಲಿ, ಭತ್ತ ನಾಟಿ ಮಾಡಿದವರು. ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟಳು, ನಾನು ಮುಂದುವರಿದೆ. ಯಾಕೆ ಹಾಗೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಂಪ್ಲಿಯಿಂದ ಹೊಸಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ರಟ್ಟು ಕಿತ್ತ ನಿಘಂಟು. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸಾದಾಗ ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲಿಗ ನಾನಾದೆ. ಈ ಮಾತು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ.

ಸಂಡೂರು ರಸ್ತೆಯಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಒಂದು ಸಣ್ಣ ಕಾರ್ಖಾನೆಯಿತ್ತು. ಮದುವೆಯಾಗಿ ಹೊಸಪೇಟೆಗೆ ಬಂದಿದ್ದ ಅಕ್ಕ ಅಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸಕ್ಕಿದ್ದಳು. ಅದಿರು ಸಾಗಿಸುವ ಬೆಲ್ಟಿನ ಕೆಳಗೆ ಉದುರಿದ್ದನ್ನು ಗುಡಿಸಿ ತುಂಬುವ ಕೆಲಸ. ಕಾಲಿಗೆ ಹವಾಯಿ ಚಪ್ಪಲಿ. ಹಿಂದಿನ ವರ್ಷ ಒಂದು ತಂತಿ ಚಪ್ಪಲಿ ತೂರಿ ಅಂಗಾಲಿಗೆ ನೆಟ್ಟು ಹದಿನೈದು ದಿನ ಕುಂಟಿದ್ದಳು. ಬೂಟು ಕೇಳಿದ್ದಕ್ಕೆ, ನೋಡಿಕೊಂಡು ನಡೆಯಿರಿ ಎಂದು ಗುತ್ತಿಗೆದಾರ ಉಪದೇಶ ಮಾಡಿದ್ದ.

ಆ ಕಾರ್ಖಾನೆಯ ಮಾಲು ಕೊಳ್ಳುವವರ ಕಡೆಯಿಂದ ತಪಾಸಣೆಗೆ ಜನ ಬರುವವರಿದ್ದರು. ಅವರು ಕೆಲಸಗಾರರನ್ನು ನೇರವಾಗಿ ಮಾತಾಡಿಸುತ್ತಾರಂತೆ. ಗುತ್ತಿಗೆದಾರ ನಮ್ಮ ಡೈರೆಕ್ಟರರನ್ನು ಹಿಡಿದ. ಡೈರೆಕ್ಟರು ಹದಿನಾಲ್ಕು ವಾಕ್ಯ ಬರೆದುಕೊಟ್ಟು ನನ್ನನ್ನು ಕಳಿಸಿದರು. ವಾಕ್ಯ ನೆಟ್ಟಗೆ ಹೇಳಿದವರ ಗೇಟ್ ಪಾಸು ಮತ್ತೊಂದು ವರ್ಷಕ್ಕೆ, ಹೇಳದವರದು ಆಮೇಲೆ ನೋಡೋಣ ಎಂದು ಸೂಪರ್‌ವೈಸರ್ ಮೊದಲೇ ಸಾರಿದ್ದ. ಅಕ್ಕನ ಪಾಸು ಆ ತಿಂಗಳೇ ಮುಗಿಯುವುದಿತ್ತು.

ಕ್ಯಾಂಟೀನಿನ ತಗಡಿನ ಕೆಳಗೆ ತರಗತಿ. ಮೊದಲ ವಾಕ್ಯ ಹೇಳಿಕೊಟ್ಟು ಅರ್ಥ ಬಿಡಿಸಿದೆ. ಹಿಂದೆ ಕುಳಿತ ಹಿರಿಯಾಕೆ ಕೇಳಿದಳು.

"ಸರ, ಯಾರು ಹ್ಯಾಪಿ ಆದ್ರಂತ?"

"ನೀವ್ರಿ."

"ಹೌದನ್ರಿ? ನಮಗ ಯಾರೂ ಹೇಳೇ ಇಲ್ಲ ನೋಡ್ರಿ."

ಹೆಲ್ಮೆಟ್ ನನ್ನನ್ನು ಸೇಫ್ ಇಡುತ್ತದೆ ಎಂಬ ವಾಕ್ಯ ಬಂದಾಗ ಅಕ್ಕ ಎದ್ದು ನಿಂತಳು. ಮನೆಯಲ್ಲಿ ಲೇ ಅನ್ನುವವಳು ಅಲ್ಲಿ ನನ್ನನ್ನು ಬೇಕೆಂದೇ ಸರ ಅನ್ನುತ್ತಿದ್ದಳು.

"ಸರ, ದಿ ಹೆಲ್ಮೆಟ್ ಕೀಪ್ಸ್ ಮಿ ಕುದಿ ಅಂದ್ರ ನಡೀತೈತೇನ್ರಿ? ಒಳಗ ಭಾಳ ಕುದೀತೈತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಉಸ್ತುವಾರಿಗೆ ಬಂದಿದ್ದ ಡೈರೆಕ್ಟರು ಮಾತ್ರ ಟೈ ಸರಿಪಡಿಸಿಕೊಂಡು, "ಜೋಕ್ಸ್ ಮೇಕ್ ಮಿ ಆ್ಯಂಗ್ರಿ" ಅಂದರು. ಡಬ್ಬಿಯಿಂದ ಎತ್ತಿದ ಮಾತು.

ಕನ್ನಡದಲ್ಲಿ ನಮಗೆ ಸಿಟ್ಟು ಬರುತ್ತದೆ, ಸಂತೋಷ ಆಗುತ್ತದೆ. ಅದು ತಾನಾಗಿ ಬರಬೇಕು, ಬರದಿದ್ದರೆ ಇಲ್ಲ. ಆ ಹದಿನಾಲ್ಕು ವಾಕ್ಯಗಳಲ್ಲಿ ಮಾಡುವವನು ಮುಂದೆ ನಿಂತಿರುತ್ತಾನೆ, ನಡುವೆ ನಾವು, ನಾವು ಏನಾಗಬೇಕೆಂಬುದು ಮೂರನೆಯ ಡಬ್ಬಿಯಲ್ಲಿ ಮೊದಲೇ ತುಂಬಿರುತ್ತದೆ. ಇದು ಇಂಗ್ಲಿಷಿನ ತಪ್ಪಲ್ಲ. ಇದೇ ಅಚ್ಚಿನಲ್ಲಿ ಸೆಟ್ ದೆಮ್ ಫ್ರೀ ಎಂಬ ಮಾತೂ ಬರುತ್ತದೆ, ಅವರನ್ನು ಬಿಟ್ಟುಬಿಡಿ ಅಂತ. ಡೈರೆಕ್ಟರರ ಚಾರ್ಟಿನಲ್ಲಿ ಆ ಶಬ್ದಕ್ಕೆ ಜಾಗವಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಕಲಿಸಿದೆ. ಹನ್ನೆರಡು ದಿನ ಕಲಿಸಿದೆ. ಅಕ್ಕ ಎಲ್ಲರಿಗಿಂತ ಮೊದಲು ಹದಿನಾಲ್ಕನ್ನೂ ಒಪ್ಪಿಸಿದಳು, ಒಂದೂ ತಪ್ಪಿಲ್ಲದೆ.

ತಪಾಸಣೆಯ ದಿನ ಬೆಳಿಗ್ಗೆ ಸೂಪರ್‌ವೈಸರ್ ಒಂದು ಗೋಣಿಚೀಲ ಹೊತ್ತು ತಂದ. ಒಳಗೆ ಬೂಟುಗಳು. ಎಲ್ಲವೂ ಎಂಟನೆಯ ನಂಬರು, ಗಂಡಸರವು. ಹಿಮ್ಮಡಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಹನ್ನೊಂದರವರೆಗೆ ಬರೆದಿತ್ತು. ಬೂಟು ತೆಗೆದುಕೊಂಡವರು ತಮ್ಮ ಚಪ್ಪಲಿ ಅದೇ ಚೀಲಕ್ಕೆ ಹಾಕಬೇಕು. ಸಂಜೆ ಬೂಟು ಒಪ್ಪಿಸಿದರೆ ಚಪ್ಪಲಿ ವಾಪಸು. ಚಪ್ಪಲಿಯನ್ನು ಒತ್ತೆ ಇಟ್ಟುಕೊಳ್ಳುವ ಬುದ್ಧಿ ಯಾರ ತಲೆಗೆ ಹೊಳೆಯಿತೋ. ಪ್ರತಿ ತಪಾಸಣೆಗೂ ಹೀಗೇ ಅಂತೆ. ಹೆಂಗಸರು ಬೂಟಿನ ತುದಿಗೆ ಬಟ್ಟೆ ತುರುಕಿ ಹಾಕಿಕೊಂಡರು. ಚೀಲವನ್ನು ನೀರಿನ ಡ್ರಮ್ಮಿನ ಹಿಂದೆ ಇಟ್ಟರು.

ಬಂದವರು ಒಬ್ಬ ಹೆಂಗಸು, ಕೈಯಲ್ಲಿ ನೋಟ್‌ಬುಕ್ಕು. ಕನ್ನಡ ಬರುತ್ತಿರಲಿಲ್ಲ. ನಡುವೆ ಮಾತು ಬೇಕಾದರೆ ಇರಲಿ ಎಂದು ಗುತ್ತಿಗೆದಾರ, ಡೈರೆಕ್ಟರರ ಪಕ್ಕದಲ್ಲಿ ನನ್ನನ್ನೂ ನಿಲ್ಲಿಸಿದ್ದರು. ಅಕ್ಕ ಮೊದಲನೆಯವಳು. ಈ ಕೆಲಸ ನನ್ನನ್ನು ಹ್ಯಾಪಿ ಮಾಡುತ್ತದೆ, ಕಂಪನಿ ನಮ್ಮನ್ನು ಸೇಫ್ ಇಡುತ್ತದೆ ಎಂದು ಇಂಗ್ಲಿಷಿನಲ್ಲಿ ಗಡಗಡ ಹೇಳಿದಳು. ಆಕೆ ನಕ್ಕು, ವೆರಿ ಗುಡ್ ಅಂದರು. ಗುತ್ತಿಗೆದಾರನ ಮುಖ ಅರಳಿತು. ಅಕ್ಕ ಪಕ್ಕಕ್ಕೆ ಸರಿಯಲು ಹೆಜ್ಜೆ ಎತ್ತಿದಳು. ಕಾಲು ಬಂತು, ಬೂಟು ಅಲ್ಲೇ ಉಳಿಯಿತು. ಒಳಗಿಂದ ಹಳೆಯ ಸೀರೆಯ ಚೂರು ಇಣುಕಿತು.

ಆಕೆ ಬೂಟನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಈ ಬೂಟು ಇವರದೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅಕ್ಕನನ್ನು ಕೇಳಿದೆ.

"ಸಂಜೀತನ ನಂದ," ಅಂದಳು ಅಕ್ಕ, ನನಗಷ್ಟೇ ಕೇಳುವಂತೆ. "ನನ್ನ ಚಪ್ಪಲಿ ಚೀಲದಾಗ ಐತಲ್ಲ, ನೀನ ನೋಡಿಯಲ್ಲ."

ಸೂಪರ್‌ವೈಸರ್ ಹಿಂದಿನಿಂದ, "ಹೌದಂತ ಹೇಳ್ರಿ ಸರ. ಯೆಸ್ ಅನ್ರಿ, ಮುಗೀತು" ಅಂದ.

ಯೆಸ್ ಅಂದಿದ್ದರೆ ಅಕ್ಕನಿಗೆ ಒಂದು ವರ್ಷದ ಪಾಸು. ಅದು ಗೊತ್ತಿತ್ತು. ಅವಳು ಕುಂಟುತ್ತ ನಡೆದ ಹದಿನೈದು ದಿನವೂ ಗೊತ್ತಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಸಂಜೆಯವರೆಗೆ ಇದು ಇವರದು, ಇವರ ಚಪ್ಪಲಿ ಡ್ರಮ್ಮಿನ ಹಿಂದಿನ ಚೀಲದಲ್ಲಿದೆ. ಎರಡು ಸಲ ಫೇಲಾಗಿ ಕಲಿತ ಇಂಗ್ಲಿಷು, ತೊದಲಲಿಲ್ಲ.

ಆಕೆ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಚೀಲದ ಬಾಯಿ ಬಿಚ್ಚಿದರು. ಹನ್ನೊಂದು ಜೊತೆ ಚಪ್ಪಲಿ, ಕೆಂಪು ಧೂಳು ಹಿಡಿದವು. ಕೆಲವಕ್ಕೆ ಉಂಗುಟದ ಹತ್ತಿರ ಪಿನ್ನು ಚುಚ್ಚಿತ್ತು. ಗುತ್ತಿಗೆದಾರ ಮಾತಿಗೆ ತಡಕಾಡಿದ. ಅವನಿಗೆ ಯಾರೂ ವಾಕ್ಯ ಬರೆದುಕೊಟ್ಟಿರಲಿಲ್ಲ. ಡೈರೆಕ್ಟರು ಸಹಾಯಕ್ಕೆ ಬರಬಹುದಿತ್ತು. ಅವರು ಟೈ ಹಿಡಿದುಕೊಂಡು ಬೆಲ್ಟಿನ ಕಡೆ ನೋಡುತ್ತಿದ್ದರು. ವಾಪಸು ಬರುವಾಗ ಕಾರಿನಲ್ಲಿ ನನಗೆ ಒಂದೇ ಮಾತು ಹೇಳಿದರು. ಯು ಮೇಡ್ ಮಿ ಸ್ಮಾಲ್. ಅವರನ್ನು ಸಣ್ಣವರನ್ನಾಗಿ ಮಾಡಲು ನನ್ನ ನೆರವು ಬೇಕಿರಲಿಲ್ಲ. ಇಳಿದ ಮೇಲೆ, ನಾಳೆಯಿಂದ ಬರಬೇಡ ಎಂದರು, ನಾನು ಹೋಗಲಿಲ್ಲ. ಈಗ ಕಂಪ್ಲಿಯಲ್ಲಿ ಟ್ಯೂಷನ್ ಹೇಳುತ್ತೇನೆ, ಚಾರ್ಟಿಲ್ಲದೆ.

ಅವತ್ತು ಸಂಜೆ ಬೂಟು ವಾಪಸು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆದರೆ ಉಳಿದ ಹತ್ತು ಜನರಿಗೆ ವರ್ಷದ ಪಾಸು, ಅಕ್ಕನಿಗೆ ಮೂರು ತಿಂಗಳದ್ದು. ಸುದ್ದಿ ಕೇಳಿ ಅವಳ ಮನೆಗೆ ಹೋದೆ. ಬೂಟು ಹೊಸ್ತಿಲ ಹತ್ತಿರ ಇತ್ತು, ನಂಬರು ಒಂದು.

"ನಾ ಹೇಳಿದ್ದು ನಿನಗ, ಆಕೀಗಲ್ಲ," ಅಂದಳು. "ನಿನ್ನ ಡಿಗ್ರಿ ತೋರ್ಸಾಕ ನನ್ನ ಪಾಸ ಸಿಕ್ತೇನ್ ನಿನಗ?"

ಸರಿ ಮಾಡಿದೆ ಎಂದು ಇವತ್ತಿಗೂ ಅನ್ನಿಸುತ್ತದೆ. ಅವಳನ್ನು ಒಂದು ಮಾತು ಕೇಳಿ ಮಾಡಬೇಕಿತ್ತು ಎಂದೂ ಅನ್ನಿಸುತ್ತದೆ. ಅವಳನ್ನು ಕೇಳದೆ ಅವಳನ್ನು ಏನೋ ಒಂದು ಮಾಡುವವರ ಸಾಲಿನಲ್ಲಿ ಅವತ್ತು ನಾನೂ ನಿಂತಿದ್ದೆ.

ಪಾಸು ಮುಗಿಯುವ ವಾರ ಅವಳೇ ಫೋನ್ ಮಾಡಿ ಮನೆಗೆ ಕರೆದಳು, ಹೋದೆ. ಅದೇ ಹೆಂಗಸು ಮತ್ತೆ ಬರುವವರಿದ್ದರು.

"ಲೇ ತಮ್ಮ, ಎಂಟನೇ ನಂಬರ ಜಾರ್ತೈತಿ, ಐದನೇದು ಬೇಕು ಅಂತ ಇಂಗ್ಲಿಷನ್ಯಾಗ ಹೆಂಗ ಕೇಳಾದು? ನೀ ಅಲ್ಲಿಗೆ ಬರಬ್ಯಾಡ. ನಾನ ಕೇಳ್ತೀನಿ."

"ಕೇಳಿದ್ರ ಪಾಸ ಹೋದೀತು."

"ಹೆಂಗಿದ್ರೂ ಈ ವಾರ ಮುಗೀತೈತಿ. ಹೇಳು. ಹ್ಯಾಪಿ ಗೀಪಿ ಹಚ್ಚಬ್ಯಾಡ ಮತ್ತ."

ಐ ನೀಡ್ ಸೈಜ್ ಫೈವ್, ಅಂದೆ. ಅವಳು ಬೂಟು ಹಾಕಿಕೊಂಡು ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತ ಅಷ್ಟನ್ನೇ ಹೇಳಿಕೊಂಡಳು. ಹೆಜ್ಜೆ ಹೆಜ್ಜೆಗೂ ಬೂಟಿನ ಹಿಮ್ಮಡಿ ಕಳಚಿ ನೆಲಕ್ಕೆ ಬಡಿಯುತ್ತಿತ್ತು.