ಔಷಧ ಕೊಡಲೊಲ್ಲದ ನಿಜಗುಣಪ್ಪ

ರಾಮದುರ್ಗದ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಔಷಧ ಕೊಡುವುದಕ್ಕೆಂದೇ ಪಗಾರ ತೆಗೆದುಕೊಳ್ಳುತ್ತಿದ್ದ ಒಬ್ಬರು, ಔಷಧ ಕೊಡದೆಯೇ ಹೆಸರು ಮಾಡಿದ್ದರು. ಅವರೇ ಫಾರ್ಮಸಿಸ್ಟ್ ನಿಜಗುಣಪ್ಪ. ನಾನು ಅಲ್ಲಿ ನರ್ಸ್. ತೊಂಬತ್ತರ ದಶಕದ ಬಹುಪಾಲು ಅವರ ಜೊತೆ ಜಗಳವಾಡುತ್ತಲೇ ಕಳೆದೆ.

ನೆಗಡಿ ಎಂದು ಬಂದವರು ಅವರ ಕಿಟಕಿಯ ಮುಂದೆ ನಿಂತು ಕ್ಯಾಪ್ಸೂಲ್ ಕೇಳಿದರೆ, "ನೆಗಡಿಗೆ ಅದು ಬ್ಯಾಡ್ರಿ, ಬಿಸಿನೀರ ಕುಡೀರಿ" ಎನ್ನುವರು.

"ಬಿಸಿನೀರ ಕುಡ್ಯಾಕ ಬಸ್ ಹತ್ತಿ ಇಲ್ಲೀತನಕ ಬರಬೇಕೇನ್ರಿ?" ಎಂದು ಬಂದವರೂ ಬಿಡುತ್ತಿರಲಿಲ್ಲ. ನಿಜಗುಣಪ್ಪ ಮಾತ್ರ ಜಗ್ಗುತ್ತಿರಲಿಲ್ಲ.

ಇನ್ನು ದೊಡ್ಡ ಇಂಜೆಕ್ಷನ್‌ಗಳ ಕಪಾಟಿನದು ಬೇರೆಯೇ ಕಥೆ. ಅದರ ಕೀಲಿಕೈ ಇರುತ್ತಿದ್ದುದು ಅವರ ಉಡಿದಾರದಲ್ಲಿ. ಸಾದಾ ಔಷಧ ನಾಟದೆ ಇದ್ದವರಿಗಷ್ಟೇ ಅವು. ಸಿಕ್ಕಸಿಕ್ಕವರಿಗೆಲ್ಲ ಕೊಟ್ಟರೆ ರೋಗದ ಹುಳಗಳು ಅವಕ್ಕೂ ಪಳಗಿಬಿಡುತ್ತವೆ, ಆಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅವರ ವಾದ. ನಮ್ಮ ಸಂಜೀವ ಡಾಕ್ಟರರದೂ ಅದೇ ಮತ. ಇಬ್ಬರೂ ಕೂಡಿ ಒಂದು ಪದ್ಧತಿ ಮಾಡಿದ್ದರು. ಕಪಾಟು ತೆಗೆಯುವ ಮೊದಲು ನಿಜಗುಣಪ್ಪ ವಾರ್ಡಿಗೆ ಬಂದು, ರೋಗಿಯ ಕಾಟಿನ ಬಳಿ ನಿಂತು ವಿಚಾರಿಸಬೇಕು. ಸಾದಾ ಗುಳಿಗೆಯನ್ನು ಹೇಗೆ ತಗೊಂಡಿರಿ, ಜ್ವರ ಬಿಟ್ಟ ಕೂಡಲೇ ನಿಲ್ಲಿಸಿದಿರೇನು, ಪಕ್ಕದ ಮನೆಯವರಿಗೆ ಹಂಚಿದಿರೇನು? ರೋಗಿಯ ಮಕ್ಕಳು ಸಿಟ್ಟಾಗಿ, "ನಮ್ಮವ್ವ ತಗೊಳ್ಳದ ಇರತಾಳೇನ್ರಿ?" ಎನ್ನುವರು. "ನಿಮಗಲ್ಲ, ಅವ್ವಾರಿಗೆ ಕೇಳಾಕ್ಹತ್ತೇನಿ" ಎನ್ನುವರು ಇವರು. ನಾನು ಸಿರಿಂಜು ಹಿಡಿದು ನಿಂತಿರುತ್ತಿದ್ದೆ. ಮೈ ಉರಿಯುತ್ತಿತ್ತು.

ಹೀಗಿರುವಾಗ ಒಂದು ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ ನಿಜಗುಣಪ್ಪನವರ ತಾಯಿ ಗುರುಬಸವ್ವನನ್ನೇ ಆಸ್ಪತ್ರೆಗೆ ಕರೆತಂದರು. ಅವರಿದ್ದದ್ದು ಸಿರಸಂಗಿಯಲ್ಲಿ, ಹಿರಿಯ ಮಗನ ಮನೆಯಲ್ಲಿ. ಮೊದಲೇ ಸಕ್ಕರೆ ಕಾಯಿಲೆ, ಅದರ ಮೇಲೆ ಹೊಲದಲ್ಲಿ ಜಾಲಿಮುಳ್ಳು ತುಳಿದಿದ್ದರು. ಡಾಕ್ಟರರು ಅದಕ್ಕೂ ಮೊದಲೇ ಒಮ್ಮೆ ನೋಡಿ ಕ್ಯಾಪ್ಸೂಲ್ ಬರೆದಿದ್ದರು, ನಿಜಗುಣಪ್ಪ ತಾವೇ ಕಟ್ಟಿ ಕೊಟ್ಟಿದ್ದರು. ಅವೆಲ್ಲ ತೀರಿದರೂ ಗಾಯ ಮಾಯಲಿಲ್ಲ. ಪಾದ ಬಾತು ಕೆಂಪಾಗಿತ್ತು, ಜ್ವರ ಸುಡುತ್ತಿತ್ತು. ಕಾಲಿಗೆ ಕಟ್ಟಿದ್ದ ಬಟ್ಟೆ ನಾನು ಬಿಚ್ಚಿದರೆ ಗಾಯದ ತುಂಬ ಬಿಳಿ ಪುಡಿ ಮೆತ್ತಿಕೊಂಡಿತ್ತು. ವಿಭೂತಿ ಹಚ್ಚಿಕೊಂಡಿದ್ದಾರೆ ಎಂದುಕೊಂಡೆ. ಔಷಧದವನ ತಾಯಿಯದೇ ಹೀಗಾದರೆ ಉಳಿದವರಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಬೈದುಕೊಂಡು ತೊಳೆದೆ.

ಡಾಕ್ಟರರು ನಿಜಗುಣಪ್ಪನವರನ್ನು ಪಡಸಾಲೆಗೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. "ಸಾದಾ ಔಷಧ ನಾಟಿಲ್ಲ. ದೊಡ್ಡ ಇಂಜೆಕ್ಷನ್ ಕೊಡೂಣು. ಅದರಿಂದ ಕಿಡ್ನಿಗೆ ತ್ರಾಸ ಆಗೂದು ಅದ, ಇವರ ಕಿಡ್ನಿ ಮೊದಲs ಸೋತಾವ. ಅದಕ್ಕೂ ಬಗ್ಗಲಿಲ್ಲಂದ್ರ ಬೆಳಗಾವಿಗೆ ಒಯ್ಯಬೇಕಾಗ್ತದ. ಪಾದ ಉಳಿಯೂದು ಕಠಿಣ."

ನಿಜಗುಣಪ್ಪನವರ ಕೈ ಸೀದಾ ಸೊಂಟಕ್ಕೆ ಹೋಯಿತು. ಕಪಾಟಿನ ಮುಂದೆ ನಿಂತು ಅವಸರದಲ್ಲಿ ಕೀಲಿಕೈಯನ್ನು ತಿರುವುಮುರುವು ಹಾಕತೊಡಗಿದರು. ಅಯ್ಯೋ ಅನ್ನಿಸಿತು. ಆದರೆ ನನ್ನ ಸ್ವಭಾವ ಎಲ್ಲಿ ಸುಮ್ಮನಿದ್ದೀತು? ಇಷ್ಟು ವರ್ಷ ಮಂದಿಯ ತಾಯಂದಿರನ್ನೆಲ್ಲ ಕೇಳಿದ ಪ್ರಶ್ನೆ ಇವರ ತಾಯಿಗೆ ಮಾತ್ರ ಇಲ್ಲವೇ?

"ಸರ, ಕ್ಯಾಪ್ಸೂಲ್ ಹೆಂಗ ತಗೊಂಡ್ರಂತ ಅವ್ವಾರನ್ನ ಕೇಳಿದ್ರೇನ್ರಿ?" ಎಂದೆ.

"ನನ್ನ ತಾಯಿ ರೀ ಅಕಿ!" ಎಂದು ಗದರಿದರು. "ತಗೊಳ್ಳದ ಇರತಾಳೇನು?"

ಹೇಳಿದವರು ಹಾಗೆಯೇ ನಿಂತುಬಿಟ್ಟರು. ಅದೇ ಮಾತನ್ನು ಎಷ್ಟು ಜನ ಮಕ್ಕಳು ಅವರಿಗೆ ಹೇಳಿದ್ದರೋ ಏನೋ. ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ವಾರ್ಡಿಗೆ ನಡೆದರು. ನಾನೂ ಡಾಕ್ಟರರೂ ಹಿಂದೆಯೇ ಹೋದೆವು.

"ಅವ್ವಾ, ಕ್ಯಾಪ್ಸೂಲ್ ಎಲ್ಲಾ ತೀರಿಸಿದಿ?"

"ಒಂದೂ ಉಳಿಸಿಲ್ಲಪಾ."

"ಹೆಂಗ ತಗೊಂಡಿ? ಹೇಳು."

ಗುರುಬಸವ್ವ ನನ್ನ ಕಡೆ ನೋಡಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟುಕೊಂಡರು. "ಬಿಚ್ಚಿ ಒಳಗಿನ ಪುಡಿ ಗಾಯಕ್ಕ ಉದುರಿಸೇನಿ. ನಮ್ಮ ಓಣ್ಯಾಗ ಎಲ್ಲಾರೂ ಹಂಗs ಮಾಡತಾರ. ಮ್ಯಾಲಿನ ಚಿಪ್ಪು ಒಗದೇನಿ."

"ಯಾಕ ಬೇ?"

"ಅದನ್ನ ದನದ ಎಲುಬಿಲೆ ಮಾಡತಾರಂತ ನೀನs ಹೇಳಿದ್ದೆಲ್ಲೊ, ಕಾಲೇಜಿಗೆ ಹೊಂಟಾಗ. ಕೊಳ್ಳಾಗ ಲಿಂಗ ಕಟಗೊಂಡು ಅದನ್ನ ಹೆಂಗ ನುಂಗ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಸಮಾಧಾನಕ್ಕೂ ಮನುಷ್ಯನಿಗೆ ಹೀಗೆ ನಗು ಬರುತ್ತದೆ. ನಿಜಗುಣಪ್ಪ ನೆಲದ ಮೇಲೇ ಕುಳಿತುಬಿಟ್ಟರು. ಡಾಕ್ಟರರು ಅವರ ಹೆಗಲು ತಟ್ಟಿ, "ಔಷಧ ಸೋತಿಲ್ಲ ನಿಜಗುಣಪ್ಪ, ಹೊಟ್ಯಾಗs ಇಳದಿಲ್ಲ. ಏಳ್ರಿ, ಕೀಲಿಕೈ ಒಳಗ ಇಡ್ರಿ" ಎಂದರು.

ಅದೇ ಸಾದಾ ಔಷಧವನ್ನು ನರದ ಮೂಲಕ ಕೊಡಲು ಸುರು ಮಾಡಿದೆವು. ಮರುದಿನ ಬಾವು ಹಾಗೆಯೇ ಇತ್ತು. ನಿಜಗುಣಪ್ಪ ಗಳಿಗೆಗೊಮ್ಮೆ ಬಂದು ಕಾಟಿನ ಕಾಲ್ದೆಸೆಗೆ ನಿಲ್ಲುವರು, ಕೈ ಸೊಂಟಕ್ಕೆ ಹೋಗುವುದು, ಮತ್ತೆ ಹಿಂದೆ ಬರುವುದು. ಅವರು ಹೆದರಿದ್ದರು, ನಾನೂ ಹೆದರಿದ್ದೆ. ಆ ಪ್ರಶ್ನೆ ಎತ್ತಿದ್ದು ನಾನಲ್ಲವೇ, ಹೆಚ್ಚುಕಡಿಮೆಯಾದರೆ? ಆಮೇಲೊಂದು ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಬಾವು ಇಳಿದು, ಹಿಮ್ಮಡಿಯ ಹಳೆಯ ಬಿರುಕುಗಳೆಲ್ಲ ಮತ್ತೆ ಕಾಣುತ್ತಿದ್ದವು. ಬಿರುಕು ಬಿಟ್ಟ ಹಿಮ್ಮಡಿ ನೋಡಿ ಅಷ್ಟು ಹಿಗ್ಗಿದವಳು ನಾನೊಬ್ಬಳೇ ಇರಬೇಕು. ಓಡಿಹೋಗಿ ಅವರನ್ನು ಕರೆತಂದೆ.

ಉಳಿದ ದಿನಗಳಿಗೆ ನಿಜಗುಣಪ್ಪ ಅದೇ ಔಷಧದ ಮಕ್ಕಳ ಗುಳಿಗೆ ಹುಡುಕಿ ತಂದರು. ನೀರಲ್ಲಿ ಕರಗುವಂಥದು, ಕಿತ್ತಳೆಯ ವಾಸನೆಯದು, ಚಿಪ್ಪಿನ ಗೊಡವೆಯಿಲ್ಲ. ಗುರುಬಸವ್ವ ಲೋಟ ಬರಿದು ಮಾಡಿ, "ಇದು ಮೊದಲs ಇತ್ತೇನು?" ಎಂದು ಕೇಳಿದರು. ಅಂದಿನಿಂದ ಕಿಟಕಿಯಲ್ಲಿ ಕ್ಯಾಪ್ಸೂಲ್ ಕೊಡುವಾಗ, "ಇದನ್ನ ನುಂಗಾಕ ನಿಮಗೇನರ ಅಡ್ಡಿ ಐತೇನ್ರಿ?" ಎಂಬ ಪ್ರಶ್ನೆಯೂ ಸೇರಿಕೊಂಡಿತು. ಹೌದೆಂದು ತಲೆಯಾಡಿಸುವವರು ಎಷ್ಟೊಂದು ಜನ! ನಮಗಾರಿಗೂ ಗೊತ್ತೇ ಇರಲಿಲ್ಲ.

ಊರಿಗೆ ಹೊರಟ ದಿನ ನಿಜಗುಣಪ್ಪ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಚಪ್ಪಲಿ ಹಾಕುತ್ತಿದ್ದರು. ತಲೆ ಎತ್ತದೆಯೇ ಕೇಳಿದರು. "ಕಾಲು ಹೋಗತಿತ್ತಲ್ಲ ಬೇ. ಒಂದ್ ಮಾತ ಯಾಕ ಹೇಳಲಿಲ್ಲ?"

"ಅದನ್ನ ಕೊಟ್ಟs ಅನ್ನ ಉಣ್ಣಾಂವ ನೀನು" ಎಂದರು ಗುರುಬಸವ್ವ. "ನಮ್ಮವ್ವ ನನ್ನ ಕೆಲಸಕ್ಕ ಹೇಸತಾಳ ಅಂತ ನಿನಗ ಅನ್ನಸಬಾರದಿತ್ತು."

ನಿಜಗುಣಪ್ಪ ಆ ಪಾದವನ್ನು ಎರಡೂ ಕೈಗಳಲ್ಲಿ ಹಿಡಿದು ಅತ್ತುಬಿಟ್ಟರು.

"ಏ, ಬಿಡೊ. ಮಂದಿ ನೋಡಾಕ್ಹತ್ಯಾರ" ಎಂದು ತಾಯಿ ಮೆಲ್ಲಗೆ ಕಾಲು ಬಿಡಿಸಿಕೊಂಡು ನೆಲಕ್ಕೆ ಊರಿದರು, ಮಗನ ತಲೆಯ ಮೇಲೆ ಕೈಯೂರಿ ಎದ್ದು ನಿಂತರು.